ಅತಿಥಿಶಯ್ಯಾ ಮೀಮಾಂಸೆ

ತಿಥಿಯನ್ನು ತಿಳಿಸದೆ ಬರುವವನೇ ಅತಿಥಿಯೆಂದು ಹಿರಿಯರು ಹೇಳಿಕೊಟ್ಟ ವ್ಯುತ್ಪತ್ತಿಯನ್ನು ನಾನು ಬಹುಕಾಲ ನಿಶ್ಶಂಕೆಯಿಂದ ನಂಬಿದ್ದೆನು. ಆದರೆ ನಮ್ಮ ಮನೆಯ ಅಟ್ಟದ ಮೇಲೆ, ಹಳೆಯ ಧೋತ್ರದಲ್ಲಿ ಸುತ್ತಿ, ಮಡಿಕೆಗಳ ನಡುವೆ ನುಸಿಗುಳಿಗೆಗಳನ್ನಿಟ್ಟು, 'ಬಂದವರಿಗೆ ಬೇಕಾಗುತ್ತದೆ' ಎಂಬ ಒಂದೇ ಮಂತ್ರದಿಂದ ನನ್ನ ತಾಯಿಯವರು ಕಾಪಾಡಿಕೊಂಡು ಬಂದ ಬೂರುಗದ ಹತ್ತಿಯ ಹಾಸಿಗೆಯೊಂದುಂಟು. ಮೂವತ್ತು ವರ್ಷಗಳಲ್ಲಿ ಮನೆಗೆ ಬಂದವರೆಲ್ಲರೂ ಜಮಖಾನದ ಮೇಲೆ ಮಲಗಿ ಎದ್ದುಹೋದರೇ ಹೊರತು ಆ ಹಾಸಿಗೆ ಒಮ್ಮೆಯೂ ಕೆಳಗಿಳಿಯಲಿಲ್ಲ. ಹಾಗಾದರೆ ಅದು ಯಾರಿಗೆ? ಬಂದವರಿಗಲ್ಲವೆಂಬುದು ಪ್ರತ್ಯಕ್ಷಸಿದ್ಧ. ಬಾರದವನಿಗೆಂದೇ ಹೇಳಬೇಕಾಗುತ್ತದೆ. ಬಾರದವನನ್ನು ಒಳಗೊಳ್ಳದ ಲಕ್ಷಣಕ್ಕೆ ಅವ್ಯಾಪ್ತಿದೋಷ ತಗಲುತ್ತದೆಂಬುದನ್ನು ತರ್ಕಶಾಸ್ತ್ರದ ಮೊದಲ ಪಾಠ ಓದಿದವರೂ ಒಪ್ಪಿಯಾರು.

ಈ ಪ್ರಮೇಯಕ್ಕೆ ಅಟ್ಟದ ಒಂದು ಹಾಸಿಗೆ ಸಾಲದಾದುದರಿಂದ, ಇಂಗ್ಲೆಂಡಿನ ಡರ್ಬಿಷೈರ್ ಸೀಮೆಯಲ್ಲಿರುವ ಚಾಟ್ಸ್‌ವರ್ತ್ ಎಂಬ ಮಹಾಗೃಹವನ್ನು ಪ್ರಮಾಣವಾಗಿ ತೆಗೆದುಕೊಳ್ಳುತ್ತೇನೆ. 1549ರಲ್ಲಿ ಈ ನೆಲವನ್ನು ಕ್ರಯಕ್ಕೆ ಪಡೆದ ಕ್ಯಾವೆಂಡಿಷ್ ಮನೆತನದವರು, ಅಂದರೆ ಡೆವನ್‌ಷೈರ್ ಡ್ಯೂಕರು, ಇಂದಿಗೂ ಅಲ್ಲಿಯೇ ವಾಸವಾಗಿದ್ದಾರೆ.

1687ರಲ್ಲಿ ಅಂದಿನ ಯಜಮಾನನು ಟಾಲ್ಮನ್ ಎಂಬ ವಾಸ್ತುಶಿಲ್ಪಿಯಿಂದ ಮನೆಯ ದಕ್ಷಿಣ ಪಾರ್ಶ್ವವನ್ನು ಹೊಸದಾಗಿ ಕಟ್ಟಿಸಲು ತೊಡಗಿದನು. ಮರುವರ್ಷ, ಹಾಲೆಂಡಿನಲ್ಲಿದ್ದ ಆರೆಂಜಿನ ವಿಲಿಯಮನಿಗೆ 'ನಮ್ಮ ದೇಶಕ್ಕೆ ದಯಮಾಡಿಸಬೇಕು' ಎಂದು ಗುಟ್ಟಾಗಿ ಓಲೆ ಬರೆದ ಏಳು ಮಂದಿಯಲ್ಲಿ ಇವನೂ ಒಬ್ಬನಾದನು. ಓಲೆಯನ್ನು ಮನ್ನಿಸಿದ ವಿಲಿಯಮನು ಹಡಗುಗಳಲ್ಲಿ ಸೈನ್ಯವನ್ನು ತುಂಬಿಕೊಂಡು ಬಂದು, ಮಾವನನ್ನು ಓಡಿಸಿ, 1689ರಲ್ಲಿ ಪತ್ನಿ ಮೇರಿಯೊಡನೆ ಪಟ್ಟವೇರಿದನು. 1694ರಲ್ಲಿ ಚಾಟ್ಸ್‌ವರ್ತಿನ ಯಜಮಾನನಿಗೆ ಡ್ಯೂಕ್ ಪದವಿಯೂ ದೊರೆಯಿತು. ಇಷ್ಟು ಋಣಾನುಬಂಧವುಳ್ಳ ರಾಜದಂಪತಿಗಳು ತನ್ನ ಮನೆಯಲ್ಲಿ ಒಂದು ರಾತ್ರಿಯಾದರೂ ತಂಗದೆ ಇರುವರೇ ಎಂದು ಅವನು ಎರಡನೆಯ ಮಹಡಿಯಲ್ಲಿ ಸಾಲಾಗಿ ರಾಜೋಚಿತವಾದ ಕೋಣೆಗಳನ್ನು ಅಣಿಮಾಡಿಸಿದನು. ನಮ್ಮ ಮನೆಗಳಲ್ಲಿ ಜಗಲಿ, ನಡುಮನೆ, ದೇವರಕೋಣೆಗಳ ಹೊಸ್ತಿಲುಗಳು ಯಾರು ಎಲ್ಲಿಯವರೆಗೆ ಬರಬಹುದೆಂಬುದನ್ನು ಬಾಯಿಬಿಟ್ಟು ಹೇಳದೆ ತಿಳಿಸುವಂತೆ, ಅಲ್ಲಿಯೂ ಮಹಾಶಾಲೆ, ಅದರಾಚೆ ಆಸ್ಥಾನದ ಕೋಣೆ, ಅದರಾಚೆ ಶಯನಾಗಾರ, ಕಟ್ಟಕಡೆಗೆ ಏಕಾಂತದ ಪುಟ್ಟ ಕೋಣೆ. ಎಷ್ಟು ಬಾಗಿಲು ದಾಟಲು ಅಪ್ಪಣೆಯಾಯಿತೆಂಬುದೇ ಬಂದವನ ಯೋಗ್ಯತೆಯ ಅಳತೆಗೋಲು.

ಎಲ್ಲವೂ ಸಿದ್ಧವಾಯಿತು. ದೊರೆ ಬರಲಿಲ್ಲ. ಮೇರಿ 1694ರಲ್ಲಿಯೇ ತೀರಿಕೊಂಡಳು, ವಿಲಿಯಮನು 1702ರಲ್ಲಿ. ದೇಶಕ್ಕೆ ಕರೆದರೆ ಸಮುದ್ರವನ್ನೇ ದಾಟಿ ಬಂದವನು ಮನೆಗೆ ಮಾತ್ರ ಬಾರದೇ ಹೋದನು! ದೇಶಕ್ಕೆ ಬಂದವನಿಗೆ ಕಿರೀಟ ಸಿಕ್ಕುತ್ತದೆ, ಮನೆಗೆ ಬಂದವನಿಗೆ ಹೆಚ್ಚೆಂದರೆ ಊಟ ಸಿಕ್ಕುತ್ತದೆಂಬುದು ನನ್ನ ಸ್ವತಂತ್ರ ಭಾಷ್ಯ. ಅದೇ ಸಾಲಿನ ಒಂದು ಕೋಣೆಯ ಬಾಗಿಲಿನ ಮೇಲೆ ಈಗ ಪಿಟೀಲೊಂದು ತೂಗುತ್ತಿರುವಂತೆ ಕಾಣುತ್ತದೆ. ಹತ್ತಿರ ಹೋದರೆ ಅದು ವಾನ್ ಡರ್ ವಾರ್ಟ್ ಎಂಬ ಚಿತ್ರಗಾರನು ಬರೆದ ಬರಿಯ ಚಿತ್ರ. ಹಗ್ಗದ ಹಾವಿನಿಂದ ಬೇಸತ್ತ ವೇದಾಂತ ಪಾಠಶಾಲೆಗಳು ಈ ದೃಷ್ಟಾಂತವನ್ನು ಪರಿಶೀಲಿಸಬಹುದು.

ಇಲ್ಲಿ ಪೂರ್ವಪಕ್ಷದವರೊಬ್ಬರು ಎದ್ದು, 'ಬಂದ ಅತಿಥಿಯೇ ಆ ಮನೆಗೆ ಇಲ್ಲವೇ? ಸ್ಕಾಟರ ರಾಣಿ ಮೇರಿ ಇರಲಿಲ್ಲವೇ?' ಎಂದು ಆಕ್ಷೇಪಿಸಬಹುದು. ಇದ್ದಳು. ಇಂಗ್ಲೆಂಡಿನ ಎಲಿಜಬೆತ್ ರಾಣಿಯ ಸೆರೆಯಾಳಾಗಿ, 1570ರ ದಶಕದಲ್ಲಿ ಹಲವು ಸಲ ಆಕೆಯನ್ನು ಅಲ್ಲಿ ಇರಿಸಿದ್ದರು. ಕಾವಲಿದ್ದವನು ಆ ಮನೆಯೊಡತಿ ಬೆಸ್ಸಳ ನಾಲ್ಕನೆಯ ಗಂಡನಾದ ಶ್ರೂಸ್‌ಬರಿಯ ಅರ್ಲ್. ರಾಣಿಯ ಪರಿವಾರದ ಅನ್ನವಸ್ತ್ರಗಳಿಗೆ ಸರ್ಕಾರ ಕೊಡುತ್ತಿದ್ದ ಹಣ ಸಾಲದೆ ಅವನು ಕೈಯಿಂದಲೇ ಸುರಿಯಬೇಕಾಗಿ ಬಂದು, ಆ ವಿಷಯವಾಗಿ ದೂರುತ್ತಲೇ ಸುಮಾರು ಹದಿನೈದು ವರ್ಷಗಳ ಕಾಲ ಕಾವಲಿದ್ದನು. ಆ ಹಳೆಯ ಮನೆ ಹೋಗಿ ಹೊಸದು ಎದ್ದಿದ್ದರೂ ಕೆಲವು ಕೋಣೆಗಳಿಗೆ ಆಕೆಯ ಹೆಸರೇ ನಿಂತಿದೆ. ಆದರೆ ಹೋಗುತ್ತೇನೆಂದರೂ ಬಿಡದವರ ಮನೆಯಲ್ಲಿದ್ದವಳು ಅತಿಥಿಯಲ್ಲ. 'ಇನ್ನೊಂದು ದಿನ ಇದ್ದು ಹೋಗಿ' ಎಂಬ ಉಪಚಾರದ ಮಾತಿಗೂ ಒಂದು ಮಿತಿಯುಂಟು. ಆಕ್ಷೇಪ ನಿಲ್ಲದು.

ರಾಜಶಯ್ಯೆಯ ವಿಷಯ ಇನ್ನೂ ಸೂಕ್ಷ್ಮವಾದುದು. 1760ರಲ್ಲಿ ಎರಡನೆಯ ಜಾರ್ಜ್ ದೊರೆ ಕೆನ್ಸಿಂಗ್ಟನ್ ಅರಮನೆಯಲ್ಲಿ ಮಡಿದಾಗ, ನಾಲ್ಕನೆಯ ಡ್ಯೂಕನು ಆಸ್ಥಾನದ ಲಾರ್ಡ್ ಚೇಂಬರ್ಲಿನ್ ಆಗಿದ್ದನು. ದೊರೆ ಸತ್ತ ಮಂಚ ಆ ಪದವಿಯ ಮಾಮೂಲಾಗಿ ಅವನಿಗೆ ಸಂದು, ಚಾಟ್ಸ್‌ವರ್ತಿಗೆ ಬಂದು ಸೇರಿತು. ಎಂದರೆ ಹಾಸಿಗೆ ಸಿದ್ಧವಾಗಿದ್ದಾಗ ದೊರೆ ಬರಲಿಲ್ಲ. ದೊರೆಯಿಲ್ಲದಾಗ ಹಾಸಿಗೆಯೇ ಬಂದಿತು. (ಜಾರ್ಜನು ಕುಸಿದದ್ದು ಶೌಚಪೀಠದ ಸಮೀಪದಲ್ಲಿ, ಮಂಚಕ್ಕೆ ಎತ್ತಿ ತಂದದ್ದು ಆಮೇಲೆ ಎಂಬ ಸಮಕಾಲೀನರ ಮಾತು ಉಂಟು, ಪೀಠಕ್ಕೆ ಯಾರೂ ಹಕ್ಕು ಸಾಧಿಸಿದಂತೆ ಕಾಣದು.)

ಸಂಪೂರ್ಣ ಉಪಚಾರ ಪಡೆದ ಅತಿಥಿ ಅಲ್ಲಿ ಒಂದು ಬಾಳೆಗಿಡ ಮಾತ್ರವೆಂದು ತೋರುತ್ತದೆ. 1830ರ ದಶಕದಲ್ಲಿ ಆರನೆಯ ಡ್ಯೂಕನ ತೋಟಗಾರ ಪ್ಯಾಕ್ಸ್‌ಟನ್ ಅದನ್ನು ಗಾಜಿನ ಮನೆಯಲ್ಲಿಟ್ಟು, ಹಗಲಿರುಳು ಬಿಸಿ ಕೊಟ್ಟು, ಗೊನೆ ಬಿಡಿಸಿ, ಯಜಮಾನನ ಮನೆತನದ ಹೆಸರನ್ನೇ ಅದಕ್ಕೆ ಇಟ್ಟನು. ನಮ್ಮ ಅಂಗಡಿಗಳಲ್ಲಿ ತೂಗುವ ಪಚ್ಚಬಾಳೆ ಆ ಕ್ಯಾವೆಂಡಿಷ್ ಗೋತ್ರದ್ದೇ.

ಇನ್ನು ಆ ರಾಜಗೃಹಗಳಲ್ಲಿ ನಿಜವಾಗಿ ನಿದ್ದೆ ಮಾಡಿದವರು ಯಾರು? 1939ರಲ್ಲಿ ಯುದ್ಧ ಬಂದಾಗ, ಸೈನಿಕರಿಗಿಂತ ಶಾಲೆಯ ಹುಡುಗಿಯರು ಮನೆಯನ್ನು ಜೋಪಾನವಾಗಿ ನೋಡಿಕೊಂಡಾರೆಂದು ಹತ್ತನೆಯ ಡ್ಯೂಕನು ಎಣಿಸಿ, ವೇಲ್ಸಿನ ಪೆನ್ರೋಸ್ ಕಾಲೇಜಿನ ಮುನ್ನೂರರಷ್ಟು ಹೆಣ್ಣುಮಕ್ಕಳನ್ನೂ ಉಪಾಧ್ಯಾಯಿನಿಯರನ್ನೂ ಕರೆಸಿಕೊಂಡನು. ವಿಲಿಯಮನಿಗೆಂದು ಅಣಿಯಾದ ಆಸ್ಥಾನದ ಕೋಣೆಯಲ್ಲಿ ಕಬ್ಬಿಣದ ಮಂಚಗಳು ಸಾಲಾಗಿ ಬಿದ್ದವು. ಏಳು ಚಳಿಗಾಲ ಅಲ್ಲಿ ಮಲಗಿದ ಆ ಬಾಲೆಯರ ಉಸಿರಿನ ತೇವ ಗೋಡೆಗಿಳಿದು, ಚಿತ್ರಪಟಗಳ ಹಿಂದೆ ಬೂಷ್ಟು ಬೆಳೆಯಿತಂತೆ. ಇನ್ನೂರೈವತ್ತು ವರ್ಷಗಳಲ್ಲಿ ಆ ಕೋಣೆಗಳಲ್ಲಿ ಮನುಷ್ಯರು ಮಲಗಿದ್ದರೆಂಬುದಕ್ಕೆ ಇದಕ್ಕಿಂತ ಬಲವಾದ ಶಾಸನ ನನ್ನ ಕಣ್ಣಿಗೆ ಬಿದ್ದಿಲ್ಲ. ಬೆಸ್ಸಳು ಗುಡ್ಡದ ಮೇಲೆ ಕಟ್ಟಿಸಿದ ಬೇಟೆಗೋಪುರವನ್ನು ಈಗ ತಂಗಲು ಬಾಡಿಗೆಗೆ ಕೊಡುತ್ತಾರೆ. ಹಣ ತೆತ್ತು ಮಲಗುವವನು ಅತಿಥಿಯೋ ಅಲ್ಲವೋ ಎಂಬ ಪ್ರಶ್ನೆ ಲೆಕ್ಕಪತ್ರದವರಿಗೆ ಸೇರಿದ್ದು.

ಈ ಪ್ರಬಂಧವನ್ನು ತಾಯಿಯವರಿಗೆ ಓದಿ ಹೇಳಿದೆನು. ಅವರು ಪಚ್ಚಬಾಳೆಯವರೆಗೆ ಕೇಳಿ, 'ಹಾಸಿಗೆಯ ಸುದ್ದಿಗೆ ಮಾತ್ರ ಹೋಗಬೇಡ' ಎಂದು ಎದ್ದುಹೋದರು. ಆದರೂ ವಾಚಕರಲ್ಲಿ ಯಾರಾದರೂ ನಮ್ಮ ಮನೆಗೆ ಬರುವುದಾದರೆ ಎರಡು ದಿನ ಮುಂಚಿತವಾಗಿ ಒಂದು ಕಾರ್ಡು ಬರೆಯಬೇಕಾಗಿ ಪ್ರಾರ್ಥನೆ. ಜಮಖಾನವನ್ನು ಒಗೆದು ಒಣಗಿಸಬೇಕು.