ವೃತ್ತಮೀಮಾಂಸೆ: ಗಿಂಪ್ ದರ್ಶನದಲ್ಲಿ ದುಂಡಗಿನ ವಸ್ತುವಿನ ಅಸ್ತಿತ್ವ ವಿಚಾರ

ಬಾಯಲ್ಲಿ ಕುಂಚ ಕಚ್ಚಿಕೊಂಡು, ಕಣ್ಣರಳಿಸಿ, ಯಾವ ಪ್ರಾಣಿವರ್ಗಕ್ಕೂ ಖಚಿತವಾಗಿ ಸೇರದೆ ನಿಂತಿರುವ, ಗಿಂಪಿನ ಲಾಂಛನವಾದ ವಿಲ್ಬರನಿಗೆ ವಂದಿಸಿ ಈ ಗ್ರಂಥವನ್ನು ಆರಂಭಿಸುತ್ತೇವೆ. ಬಾಯಲ್ಲಿ ಕುಂಚ ಇರುವುದರಿಂದ ಆತ ಮಾತಾಡಲಾರ. ಆದ್ದರಿಂದಲೇ ನಮ್ಮಂಥ ಭಾಷ್ಯಕಾರರಿಗೆ ಕೆಲಸ ಸಿಕ್ಕಿದೆ.

ಯಾವುದೇ ಶಾಸ್ತ್ರಕ್ಕೆ ನಾಲ್ಕು ಅನುಬಂಧಗಳಿರಬೇಕೆಂಬುದು ಪೂರ್ವಸೂರಿಗಳ ಕಟ್ಟಳೆ. ಇಲ್ಲಿ ವಿಷಯವೆಂದರೆ ಗಿಂಪ್ ಎಂಬ ಉಚಿತ ತಂತ್ರಾಂಶದಲ್ಲಿ ವೃತ್ತ, ಆಯತ, ತ್ರಿಕೋನಗಳನ್ನು ಬರೆಯುವುದು. ಅಧಿಕಾರಿ ಯಾರೆಂದರೆ, ಫೋಟೋಶಾಪಿಗೆ ತಿಂಗಳ ಬಾಡಿಗೆ ಕಟ್ಟಲಾರದವನು, ಅಥವಾ ಕಟ್ಟಲೊಲ್ಲದವನು. ಪ್ರಯೋಜನವು ಮದುವೆಯ ಗ್ರೂಪ್ ಫೋಟೋದಲ್ಲಿ ಭಾವಮೈದುನನ ತಲೆಯ ಸುತ್ತ ಒಂದು ಕೆಂಪು ವೃತ್ತ. ಸಂಬಂಧವೋ, ಆ ತಲೆಗೂ ಈ ವೃತ್ತಕ್ಕೂ ಇರಬೇಕಾದದ್ದು ಮತ್ತು ಸಾಮಾನ್ಯವಾಗಿ ಇಲ್ಲದೇ ಹೋಗುವಂಥದ್ದು.

ಈಗ ಪೂರ್ವಪಕ್ಷ. ಪ್ರತಿವಾದಿ ಹೀಗೆನ್ನುತ್ತಾನೆ: "1984ರ ಮ್ಯಾಕ್‌ಪೇಂಟ್‌ನಲ್ಲೇ ಅಂಡಾಕಾರ, ಆಯತಗಳ ಉಪಕರಣ ಸಿದ್ಧವಿತ್ತು. ವಿಂಡೋಸ್‌ನ ಪೇಂಟ್‌ನಲ್ಲಿ ಒಂದನೇ ಕ್ಲಾಸಿನ ಮಗುವೂ ದುಂಡಗೆ ಬರೆಯುತ್ತದೆ. ಗಿಂಪಿನ ಟೂಲ್‌ಬಾಕ್ಸ್ ತಡಕಿದರೆ ಮುಖ ತಿರುಚಲು ವಾರ್ಪ್ ಉಂಟು, ಕಲೆ ಮಾಯಿಸಲು ಹೀಲ್ ಉಂಟು, ಇಲ್ಲಿಯದನ್ನು ಅಲ್ಲಿಗೆ ನಕಲಿಸಲು ಕ್ಲೋನ್ ಉಂಟು. ಸ್ವಾಮೀ, ವೃತ್ತವೆಲ್ಲಿ?"

ಆಕ್ಷೇಪ ಬಲವಾದದ್ದೇ. ಇತಿಹಾಸವಂತೂ ಅದನ್ನು ಇನ್ನಷ್ಟು ಬಲಪಡಿಸುತ್ತದೆ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ 1995ರಲ್ಲಿ ಗಿಂಪ್ ಬರೆಯತೊಡಗಿ, ಮರುವರ್ಷ ಜನರ ಕೈಗಿತ್ತರು. ಗುಂಡಿ, ಮೆನು, ಕಿಟಕಿಗಳನ್ನು ಮೂಡಿಸಲು ಆಗ ಸಿಗುತ್ತಿದ್ದ ಮೋಟಿಫ್ ಅವರಿಗೆ ಹಿಡಿಸಲಿಲ್ಲ. ಸರಿ, ಜಿಟಿಕೆ ಎಂಬ ತಮ್ಮದೇ ಪರಿಕರವನ್ನು ಕಟ್ಟಿಕೊಂಡರು. ಮುಂದೆ ಗ್ನೋಮ್ ಎಂಬ ಇಡೀ ಡೆಸ್ಕ್‌ಟಾಪೇ ಅದರ ಮೇಲೆ ನಿಂತಿತು. ಪರದೆಯ ತುಂಬ ಸಾಲು ಸಾಲು ಆಯತ ಮೂಡಿಸುವ ಯಂತ್ರವನ್ನೇ ಸೃಷ್ಟಿಸಿದ ಮಹನೀಯರು ಬಳಕೆದಾರನ ಕೈಗೆ ಒಂದೇ ಒಂದು ಆಯತ ಕೊಡಲಿಲ್ಲ. 2018ರಲ್ಲಿ 2.10 ಬಂತು, ಏಳು ವರ್ಷ ಕಾಯಿಸಿ 2025ರ ಮಾರ್ಚ್‌ನಲ್ಲಿ 3.0 ಬಂತು. ಭಕ್ತರು ಟೂಲ್‌ಬಾಕ್ಸ್ ತೆರೆದು ನೋಡಿದರು. ವೃತ್ತ ಇರಲಿಲ್ಲ.

ಇನ್ನು ಸಿದ್ಧಾಂತ. ವೃತ್ತ ಇಲ್ಲದಿರುವುದು ಮರೆವಿನಿಂದಲ್ಲ, ತತ್ತ್ವದಿಂದ. ಅವಯವಗಳನ್ನು ಮೀರಿದ ಅವಯವಿ ಉಂಟೆಂದು ನೈಯಾಯಿಕರೂ ಇಲ್ಲವೆಂದು ಬೌದ್ಧರೂ ಶತಮಾನಗಳ ಕಾಲ ಕಾದಾಡಿದ್ದನ್ನು ಬಲ್ಲವರು ಬಲ್ಲರು. ಗಿಂಪ್ ಈ ವಿಷಯದಲ್ಲಿ ನಿಸ್ಸಂಶಯವಾಗಿ ಬೌದ್ಧ. ಅದರ ಲೋಕದಲ್ಲಿರುವುದು ಪಿಕ್ಸೆಲ್‌ಗಳು ಮಾತ್ರ, ಒಂದಕ್ಕೊಂದು ನೆಂಟಸ್ತಿಕೆಯಿಲ್ಲದ ಚೌಕ ಚುಕ್ಕೆಗಳು. ಅವುಗಳಲ್ಲಿ ಕೆಲವು ಕೆಂಪಾಗಿದ್ದರೆ ನೋಡುವವನು 'ಆಹಾ, ವೃತ್ತ!' ಎಂದು ಭ್ರಮಿಸುತ್ತಾನೆ. ಹಿಗ್ಗಿಸಿ ನೋಡಿದರೆ ಕಾಣುವುದು ಮೆಟ್ಟಿಲುಗಳು. ಮೆಟ್ಟಿಲನ್ನು ಮರೆಮಾಚಲು ಅಂಚಿನಲ್ಲಿಟ್ಟ ಅರೆಗೆಂಪು ಚುಕ್ಕೆಗಳು. ವೆಕ್ಟರ್ ಚಿತ್ರಗಳ ತಂತ್ರಾಂಶವಾದ ಇಂಕ್‌ಸ್ಕೇಪಿನವರು ನೈಯಾಯಿಕರು. ಅಲ್ಲಿ ವೃತ್ತಕ್ಕೆ ಕೇಂದ್ರವುಂಟು, ತ್ರಿಜ್ಯವುಂಟು, ನಾಳೆಯೂ ಅದು ವೃತ್ತವಾಗಿಯೇ ಉಳಿಯುತ್ತದೆ, ಎಷ್ಟು ಹಿಗ್ಗಿಸಿದರೂ ಮೆಟ್ಟಿಲು ಕಾಣದು. "ಆಕಾರ ಬೇಕಾದರೆ ಅಲ್ಲಿಗೆ ಹೋಗು" ಎಂಬುದು ಗಿಂಪ್ ಪಂಡಿತರ ಪುರಾತನ ಉತ್ತರ. ನೀರು ಕೇಳಿದವನಿಗೆ ಪಕ್ಕದ ಊರಿನ ಬಾವಿ ತೋರಿಸಿದಂತಾಯಿತು ಎಂದು ಕೆಲವರು ಗೊಣಗುತ್ತಾರೆ. ನಾವು ಅವರನ್ನು ಖಂಡಿಸುತ್ತೇವೆ, ಆದರೆ ಮೆಲ್ಲಗೆ.

ಹಾಗಾದರೆ ಭಾವಮೈದುನನ ಗತಿ? ಅದಕ್ಕೆಂದೇ ವಿಧಿಭಾಗ. ಸೂತ್ರ ಇಷ್ಟೇ: ಮೊದಲು ಗಡಿ, ಆಮೇಲೆ ಗೆರೆ. 'ಇ' ಕೀಲಿ ಒತ್ತಿದರೆ ಎಲಿಪ್ಸ್ ಸೆಲೆಕ್ಟ್ ಬರುತ್ತದೆ. ಎಳೆದಾಗ ತಲೆಯ ಸುತ್ತ ಇರುವೆ ಸಾಲು ಹರಿಯುತ್ತದೆ. ಈ ಇರುವೆಗಳು ಮ್ಯಾಕ್‌ಪೇಂಟ್ ಬರೆದ ಬಿಲ್ ಅಟ್ಕಿನ್ಸನ್ ಸಾಕಿದವು. ಅಂದಿನಿಂದ ಎಷ್ಟೋ ಚಿತ್ರ ತಂತ್ರಾಂಶಗಳಲ್ಲಿ ನಡೆಯುತ್ತಲೇ ಇವೆ. ಇರುವೆ ಸಾಲೇ ವೃತ್ತವೆಂದು ನಂಬಿ ಪ್ರಿಂಟ್ ಕೊಟ್ಟ ಮುಗ್ಧರ ಒಂದು ಪಂಥವೂ ಉಂಟು, ಅದನ್ನಿಲ್ಲಿ ವಿಸ್ತರಿಸುವುದಿಲ್ಲ.

ಗುರುಮುಖದಿಂದಲೇ ಕಲಿಯಬೇಕಾದ ರಹಸ್ಯ ಶಿಫ್ಟ್ ಕೀಲಿಯದು. ಎಳೆಯುವ ಮುನ್ನ ಒತ್ತಿದರೆ 'ಹಳೆಯ ಆಯ್ಕೆಗೆ ಇದನ್ನೂ ಕೂಡಿಸು' ಎಂದರ್ಥ. ಎಳೆಯಲು ತೊಡಗಿದ ಮೇಲೆ ಒತ್ತಿದರೆ 'ಮೊಟ್ಟೆಯಾಗದೆ ದುಂಡಗಿರು' ಎಂದರ್ಥ. ಕಂಟ್ರೋಲ್ ಕೀಲಿಯೂ ಹೀಗೇ ಎರಡು ನಾಲಗೆಯದು: ಮುನ್ನ ಒತ್ತಿದರೆ ಕಳೆಯುತ್ತದೆ, ನಂತರ ಒತ್ತಿದರೆ ಕೇಂದ್ರದಿಂದ ಹಿಗ್ಗಿಸುತ್ತದೆ. ಬಿಡುವುದಕ್ಕೂ ಕ್ರಮವುಂಟು. ಮೊದಲು ಮೌಸ್, ಆಮೇಲೆ ಕೀಲಿ. ಕ್ರಮ ತಪ್ಪಿ ಕೀಲಿಯನ್ನು ಮೊದಲು ಬಿಟ್ಟವನ ವೃತ್ತ ಕಣ್ಣೆದುರೇ ಕುಂಬಳಕಾಯಿಯಾಗುತ್ತದೆ. ಶುಲ್ಬಸೂತ್ರಕಾರರು ಒಂದು ಗೂಟ, ಒಂದು ಹಗ್ಗದಲ್ಲಿ ಮುಗಿಸಿದ ಕೆಲಸವಿದು. ಆದರೆ ಅವರಿಗೆ ಎರಡು ಕೈಯ ಬೆರಳುಗಳನ್ನು ಹೀಗೆ ಏಕಕಾಲಕ್ಕೆ ಪಳಗಿಸುವ ಯೋಗವಿರಲಿಲ್ಲ.

ಗಡಿ ಗುರುತಾದ ಮೇಲೆ ಎಡಿಟ್ ಮೆನುವಿನ ಸ್ಟ್ರೋಕ್ ಸೆಲೆಕ್ಷನ್. ದಪ್ಪ ಹೇಳಿ ಒಪ್ಪಿಗೆ ಕೊಟ್ಟರೆ ಕೆಂಪು ಗೆರೆ ಮೂಡುತ್ತದೆ. ಅರ್ಧ ಗಡಿಯ ಆಚೆ, ಅರ್ಧ ಈಚೆ. ಇಲ್ಲಿಗೆ ಮುಗಿಯಿತೆಂದು ತಿಳಿದವನು ಬ್ರಷ್ ಹಿಡಿದು ಬೇರೆಡೆ ಏನೋ ಗೀಚಲು ಹೋಗುತ್ತಾನೆ, ಗೆರೆ ಮೂಡುವುದಿಲ್ಲ. ತಂತ್ರಾಂಶ ಕೆಟ್ಟಿತೆಂದು ಬೈಯುತ್ತಾನೆ, ಕಂಪ್ಯೂಟರನ್ನು ಆರಿಸಿ ಹೊತ್ತಿಸುತ್ತಾನೆ. ಇರುವೆಗಳು ಇನ್ನೂ ಕಾವಲಿವೆ, ಅವುಗಳ ಸುತ್ತಿನಿಂದಾಚೆ ಯಾವ ಬ್ರಷ್ಷೂ ನಡೆಯದು. ಶಿಫ್ಟ್, ಕಂಟ್ರೋಲ್, ಎ ಮೂರನ್ನೂ ಒಟ್ಟಿಗೆ ಒತ್ತಿ ಅವನ್ನು ಚದುರಿಸಬೇಕು. ಗಿಂಪಿನ ಮೇಲೆ ಹೊರಿಸಲಾದ ಅಪವಾದಗಳಲ್ಲಿ ಮುಕ್ಕಾಲು ಪಾಲು ಈ ಇರುವೆಗಳದ್ದೆಂದು ನಮ್ಮ ದೃಢ ಮತ.

ಸರಳರೇಖೆಗೆ ಇಷ್ಟು ಪಾಡಿಲ್ಲ. ಬ್ರಷ್ಷಿನಿಂದ ಒಂದು ಚುಕ್ಕೆ, ಶಿಫ್ಟ್ ಹಿಡಿದು ಇನ್ನೊಂದು ಚುಕ್ಕೆ. ಜೊತೆಗೆ ಕಂಟ್ರೋಲನ್ನೂ ಒತ್ತಿದರೆ ಗೆರೆ 15 ಡಿಗ್ರಿಗಳ ಲೆಕ್ಕದಲ್ಲೇ ವಾಲುತ್ತದೆ. ಹೀಗೆ ಮೂರು ಸಲ ಮಾಡಿದರೆ ತ್ರಿಕೋನ. ಫಿಲ್ಟರ್ಸ್ ಮೆನುವಿನ ರೆಂಡರ್ ಎಂಬ ಗುಹೆಯೊಳಗೆ ಜಿಫಿಗ್ ಎಂಬ ತಪಸ್ವಿಯೊಬ್ಬ ವೃತ್ತ, ನಕ್ಷತ್ರ, ಸುರುಳಿಗಳನ್ನೆಲ್ಲ ಇಟ್ಟುಕೊಂಡು ಕೂತಿದ್ದಾನೆ. ಆಕಾರ ಬರೆಯುವುದು ಫಿಲ್ಟರ್ ಹೇಗಾಯಿತೆಂದು ಕೇಳಬಾರದು. ತಪಸ್ವಿಗಳ ವಿಳಾಸ ಸುಲಭವಾಗಿ ಸಿಕ್ಕಿದರೆ ಅವರು ತಪಸ್ವಿಗಳೇ ಅಲ್ಲ.

ಇಲ್ಲೊಂದು ಗುರುಶಿಷ್ಯ ಸಂವಾದ.

"ಗುರುಗಳೇ, ವೃತ್ತ ಪಕ್ಕದವರ ತಲೆಯ ಮೇಲೆ ಬಿದ್ದಿದೆ. ಒಂದು ಬೆರಳಷ್ಟು ಎಡಕ್ಕೆ ಸರಿಸುವುದು ಹೇಗೆ?"

"ಬರೆಯುವ ಮೊದಲು ಹೊಸ ಲೇಯರ್ ಹಾಕಿಕೊಂಡಿದ್ದೆಯೇನಯ್ಯಾ?"

"ಲೇಯರ್ ಅಂದರೆ?"

"ಹಾಗಾದರೆ ನೀನು ವೃತ್ತ ಬರೆದದ್ದಲ್ಲ, ಫೋಟೋವನ್ನೇ ಕೆಂಪು ಮಾಡಿದ್ದು. ಕಂಟ್ರೋಲ್ ಝಡ್ ಒತ್ತು."

ಕೊನೆಗೆ ಫಲಶ್ರುತಿ. ಇದನ್ನು ಶ್ರದ್ಧೆಯಿಂದ ಓದಿದವನಿಗೆ ವೃತ್ತಸಿದ್ಧಿಯಾಗುತ್ತದೆ. ಆದರೆ ಫಲ ಕೈಗೆ ಬರಬೇಕಾದರೆ ಅವನು ಸೇವ್ ಒತ್ತಬಾರದು. 2012ರ 2.8ನೇ ಆವೃತ್ತಿಯಿಂದ ಸೇವ್ ಎಂದರೆ ಎಕ್ಸ್‌ಸಿಎಫ್ ಕಡತವೊಂದೇ. ಬರ್ಕ್ಲಿಯ ಕಂಪ್ಯೂಟರ್ ಕೂಟವೊಂದರ ಹೆಸರು ಹೊತ್ತ ಆ ಕಡತವನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸಿದರೆ ಚಿಕ್ಕಮ್ಮನ ಫೋನು ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಎಕ್ಸ್‌ಪೋರ್ಟ್ ಮಾಡಿ ಪಿಎನ್‌ಜಿ ಪಡೆಯತಕ್ಕದ್ದು. ಪಡೆದ ಮೇಲೆ ಕಿಟಕಿ ಮುಚ್ಚಹೊರಟರೆ, ಬದಲಾವಣೆಗಳನ್ನು ಇನ್ನೂ ಉಳಿಸಿಲ್ಲವಲ್ಲ ಎಂದು ಗಿಂಪ್ ಎಚ್ಚರಿಸುತ್ತದೆ. ಈ ಶಂಕೆಯ ಸಮಾಧಾನ ದ್ವಿತೀಯ ಸಂಪುಟದಲ್ಲಿ. ಅದರ ಹಸ್ತಪ್ರತಿ ಸದ್ಯ ಎಕ್ಸ್‌ಸಿಎಫ್ ರೂಪದಲ್ಲಿದೆ.