ಜಲಸ್ರಾವ ಮೀಮಾಂಸೆ: ಹೊಸ ಗಾಜಿನ ತೊಟ್ಟಿಯ ಪರೀಕ್ಷೆ ಶಾಸ್ತ್ರಸಮ್ಮತವೇ?

ಹೊಸ ಅಕ್ವೇರಿಯಂಗೆ ಮರಳು ಹಾಸಿ, ಗಿಡ ನೆಟ್ಟು, ಮೀನು ಬಿಡುವ ಮುನ್ನ ಬರೀ ನೀರು ತುಂಬಿಸಿ ಸೋರುತ್ತದೆಯೇ ಎಂದು ನೋಡಬೇಕೇ, ಬೇಡವೇ? ಈ ಘನ ಪ್ರಶ್ನೆಯ ಬಗ್ಗೆ ಷಡ್ದರ್ಶನಗಳು ಮೌನ ತಾಳಿವೆ. ಘಟವನ್ನು ದೃಷ್ಟಾಂತವಾಗಿಟ್ಟು ಶಬ್ದ ನಿತ್ಯವೋ ಅನಿತ್ಯವೋ ಎಂದು ಶತಮಾನಗಟ್ಟಲೆ ಕಾದಾಡಿದವರು ಆ ಘಟ ಸೋರಿದರೆ ನೆಲ ಒರೆಸುವವರಾರು ಎಂದು ಕೇಳಲಿಲ್ಲ. ಆ ಲೋಪವನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಪ್ರಯೋಜನ.

ಮೊದಲು ಪೂರ್ವಪಕ್ಷ. ಶಬ್ದಪ್ರಮಾಣವಾದಿಗಳ ಪ್ರಕಾರ ಪರೀಕ್ಷೆ ವ್ಯರ್ಥ. "ಒಂದು ಹನಿ ಸೋರಲ್ಲ ಸಾರ್, ಗ್ಯಾರಂಟಿ" ಎಂಬ ಅಂಗಡಿಯಾತನ ಆಪ್ತವಾಕ್ಯವಿದೆಯಲ್ಲ! ಆದರೆ ಆಪ್ತನೆಂದರೆ ಕಂಡದ್ದನ್ನು ಕಂಡಂತೆ ಹೇಳುವವನು. ಅಂಗಡಿಯಾತ ಆ ತೊಟ್ಟಿಯಲ್ಲಿ ಕಂಡದ್ದು ಧೂಳು ಮತ್ತು ಬಿಲ್ ಪುಸ್ತಕ. ಮೇಲಾಗಿ, ಅಂಗಡಿಯ ನೆಲದ ಮೇಲಿದ್ದ ತೊಟ್ಟಿಯೂ ಆಟೋದಲ್ಲಿ ಹಂಪ್ ಹಾರಿ ಮೆಟ್ಟಿಲು ಹತ್ತಿ ಬಂದ ತೊಟ್ಟಿಯೂ ಒಂದೇ ಎನ್ನಲು, ಯಾವುದೂ ಕ್ಷಣಕ್ಕಿಂತ ಹೆಚ್ಚು ನಿಲ್ಲದೆಂಬ ಬೌದ್ಧರ ಕ್ಷಣಿಕವಾದ ಅಡ್ಡಬರುತ್ತದೆ.

ಚಾರ್ವಾಕರದು ಇನ್ನೂ ಸರಳ. ಅವರಿಗೆ ಪ್ರತ್ಯಕ್ಷವೊಂದೇ ಪ್ರಮಾಣ. ಕೆಳಮನೆಯವರು ಸೀಲಿಂಗ್ ಒದ್ದೆಯಾಯಿತೆಂದು ಬೆಲ್ ಒತ್ತುವವರೆಗೆ ಕಾಯುತ್ತಾರೆ.

ಮೂರನೆಯ ಪೂರ್ವಪಕ್ಷಿ ಪತ್ರಿಕೆ ಓದುವವನು. ಬರ್ಲಿನ್‌ನ ಹೋಟೆಲೊಂದರಲ್ಲಿದ್ದ ಅಕ್ವಾಡೋಮ್ ಎಂಬ ಬೃಹತ್ ಉರುಳೆಯಾಕಾರದ ಅಕ್ವೇರಿಯಂ 2022ರ ಡಿಸೆಂಬರ್ 16ರ ನಸುಕಿನಲ್ಲಿ ಸಿಡಿದು, ಸುಮಾರು 10 ಲಕ್ಷ ಲೀಟರ್ ನೀರು ನುಗ್ಗಿತು. ಸುಮಾರು 1500 ಮೀನುಗಳಲ್ಲಿ ಬಹುಪಾಲು ಸತ್ತವು. "ವರ್ಷಗಟ್ಟಲೆ ನಿಂತದ್ದೇ ಒಡೆದ ಮೇಲೆ ನಿಮ್ಮ ಎರಡು ದಿನದ ಪರೀಕ್ಷೆಗೆ ಏನು ಬೆಲೆ?" ಎಂಬುದು ಅವನ ವಾದ. ದೃಷ್ಟಾಂತವೇ ಅಸಿದ್ಧ. ಅದು ಅಕ್ರಿಲಿಕ್, ಮನೆಯದು ಐದು ಗಾಜಿನ ಹಾಳೆಗಳನ್ನು ಸಿಲಿಕೋನ್‌ನಿಂದ ಅಂಟಿಸಿದ್ದು. ಅಂಟಿನೊಳಗೆ ಉಳಿದ ಗಾಳಿಗುಳ್ಳೆ, ಗಾಜಿನ ಜಿಡ್ಡು, ಧೂಳು ಇವುಗಳ ಬಣ್ಣ ಸಾಮಾನ್ಯವಾಗಿ ಮೊದಲೆರಡು ದಿನಗಳಲ್ಲೇ ಬಯಲಾಗುತ್ತದೆ. ಪರೀಕ್ಷೆ ಇಂದಿನ ಅಂಟಿನ ವರದಿ ಕೊಡುತ್ತದೆ, ಜಾತಕ ಬರೆಯುವುದಿಲ್ಲ.

ಇನ್ನು ಸಿದ್ಧಾಂತ. ಎರಡಡಿ ಉದ್ದ, ಒಂದೊಂದು ಅಡಿ ಅಗಲ-ಎತ್ತರದ ತೊಟ್ಟಿಗೆ ಅಂಚಿನವರೆಗೆ ಸುಮಾರು 56 ಲೀಟರ್ ಹಿಡಿಯುತ್ತದೆ. ಅಂದರೆ 56 ಕೆಜಿ, ಅಕ್ಕಿ ಮೂಟೆಗಿಂತ ಭಾರ. ಆದರೆ ನೀರು ಗೋಡೆಯನ್ನು ಒತ್ತುವುದು ಆಳಕ್ಕೆ ತಕ್ಕಂತೆ, ಒಟ್ಟು ಮೊತ್ತಕ್ಕೆ ತಕ್ಕಂತಲ್ಲ ಎಂಬುದನ್ನು ಗಣಿತಜ್ಞ ಸೈಮನ್ ಸ್ಟೆವಿನ್ 1586ರಲ್ಲೇ ತೋರಿಸಿದ್ದ. ಆದ್ದರಿಂದ ಅರ್ಧ ತುಂಬಿಸಿ ಪಾಸು ಮಾಡುವುದು ಶಾಸ್ತ್ರದ್ರೋಹ. ಮೀನಿದ್ದಾಗ ಎಲ್ಲಿಯವರೆಗೆ ನೀರಿರುತ್ತದೋ ಅಲ್ಲಿಯವರೆಗೆ, ಹಂತಹಂತವಾಗಿ ತುಂಬಿಸಬೇಕು. ಬಾಲ್ಕನಿಯೋ ಬಚ್ಚಲೋ, ನೆಲ ಮಟ್ಟಸವಾಗಿರಲಿ. ಅಂಚುಪಟ್ಟಿಯಿಲ್ಲದ ತೊಟ್ಟಿಯಾದರೆ ಕೆಳಗೆ ಥರ್ಮಾಕೋಲ್ ಹಾಳೆ ಬೇಕು. ಸುತ್ತ ಒಣ ಪೇಪರ್, ನೀರಿನ ಮಟ್ಟಕ್ಕೊಂದು ಟೇಪಿನ ಗುರುತು, 24ರಿಂದ 48 ಗಂಟೆ ಕಾಯುವ ತಾಳ್ಮೆ. ಈಗಷ್ಟೇ ಕಟ್ಟಿಸಿದ ತೊಟ್ಟಿಯಾದರೆ ವಿನೆಗರ್ ವಾಸನೆ ಹೋಗುವವರೆಗೆ ನೀರು ಮುಟ್ಟಿಸಬಾರದು. ಸಿಲಿಕೋನ್ ಗಟ್ಟಿಯಾಗುತ್ತ ಬಿಡುವ ಅಸಿಟಿಕ್ ಆಮ್ಲದ ವಾಸನೆ ಅದು.

ಈಗ ಹೇತ್ವಾಭಾಸಗಳು. "ತೊಟ್ಟಿ ಸೋರುತ್ತಿದೆ, ಹೊರಮೈ ಒದ್ದೆಯಾಗಿರುವುದರಿಂದ" ಎಂಬಲ್ಲಿ ಹೇತು ಸವ್ಯಭಿಚಾರ: ತಣ್ಣೀರು ತುಂಬಿದ ಗಾಜು ಬೆವರಿದರೂ ಒದ್ದೆಯೇ. ಒರೆಸಿ, ಮತ್ತೆ ಎಲ್ಲಿಂದ ಒಸರುತ್ತದೆ ನೋಡಬೇಕು. ಮಟ್ಟ ಕೂದಲೆಳೆಯಷ್ಟು ಇಳಿದಿದೆ, ಪೇಪರ್ ಮಾತ್ರ ಗರಿಗರಿ ಎಂದರೆ ಅರ್ಥಾಪತ್ತಿ: ಹಗಲು ಉಣ್ಣದ ದೇವದತ್ತ ದಪ್ಪಗಿದ್ದರೆ ರಾತ್ರಿ ಉಣ್ಣುತ್ತಾನೆ, ಹಾಗೆಯೇ ನೀರು ಆವಿಯಾಗಿದೆ. ಕೊನೆಗೆ ಎಲ್ಲೂ ತೇವ ಕಾಣಲಿಲ್ಲವೆಂದರೆ ಅದು ಅನುಪಲಬ್ಧಿ. ನೈಯಾಯಿಕರು ಇದನ್ನು ಪ್ರತ್ಯೇಕ ಪ್ರಮಾಣವೆಂದು ಒಪ್ಪರು, ಮೀಮಾಂಸಕ ಕುಮಾರಿಲ ಭಟ್ಟ ಒಪ್ಪುತ್ತಾನೆ. ಮೀನು ಸಾಕುವವರೆಲ್ಲ ಈ ವಿಷಯದಲ್ಲಿ ಭಾಟ್ಟರೇ.

ಆದ್ದರಿಂದ ಪರೀಕ್ಷೆ ವಿಹಿತ. ಖರ್ಚು ಎರಡು ದಿನ ಮತ್ತು ನಿನ್ನೆಯ ಪೇಪರ್. ಸೋರಿದರೆ ತುಂಬಿದ ತೊಟ್ಟಿಯನ್ನು ಎತ್ತದೆ ಮೊದಲು ನೀರು ಬಸಿಯಿರಿ. ಗಟ್ಟಿಯಾದ ಹಳೆಯ ಸಿಲಿಕೋನ್ ಮೇಲೆ ಹೊಸದು ಸರಿಯಾಗಿ ಹಿಡಿಯದು, ಬ್ಲೇಡಿನಿಂದ ಕೆರೆದು ತೆಗೆದೇ ಹಚ್ಚಿಸಿ. ಟ್ಯೂಬಿನ ಮೇಲೆ ಬೂಷ್ಟು ನಿರೋಧಕ ಎಂದು ಬರೆದಿದ್ದರೆ ಅದನ್ನು ಬಚ್ಚಲುಮನೆಗೇ ಇಟ್ಟುಕೊಳ್ಳಿ. ಅದರಲ್ಲಿರುವ ಔಷಧಿ ಮೀನಿಗೆ ವಿಷ.