ಸಾತ್ವಿಕಣ್ಣನ ತುತ್ತು

ತಿಪಟೂರಿನ ಯಾವ ಬೀದಿಯಲ್ಲಿ ನಿಂತು ಕೂಗಿದರೂ ಒಬ್ಬ ಸಾತ್ವಿಕಣ್ಣ ಓಗೊಡುತ್ತಾನೆ. ತಕ್ಷಣ ಅಲ್ಲ. ಬಾಯಲ್ಲಿರುವ ತುತ್ತನ್ನು 32 ಸಲ ಅಗಿದು ಮುಗಿಸಬೇಕು.

ವಯಸ್ಸು ಅರವತ್ತರ ಮೇಲೆ. ನೌಕರಿಯಿಂದ ನಿವೃತ್ತಿ, ತುರುವೇಕೆರೆ ಕಡೆ ಎರಡೂವರೆ ಎಕರೆ ತೆಂಗಿನ ತೋಟ, ಮೊಣಕಾಲಲ್ಲಿ ನೋವು, ಬೆಂಗಳೂರಲ್ಲಿ ಮಗ. ಆ ಮಗನೇ ಅಪ್ಪನನ್ನು ಎರಡು ದಿನದ ಶಿಬಿರವೊಂದಕ್ಕೆ ಕಳಿಸಿದ್ದು. ಅಲ್ಲಿ ಒಂದೇ ಒಂದು ಒಣದ್ರಾಕ್ಷಿಯನ್ನು ಅಂಗೈಯಲ್ಲಿಟ್ಟು ನೋಡಿಸಿ, ಮೂಸಿಸಿ, ಕಿವಿಗೆ ಹಿಡಿಸಿ, ನಾಲಿಗೆಯ ಮೇಲೆ ಹೊರಳಿಸಿ ಐದು ನಿಮಿಷ ತಿನ್ನಿಸಿದರಂತೆ. ಅಮೆರಿಕದ ಜಾನ್ ಕಬಾಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ರೋಗಿಗಳಿಗಾಗಿ ಶುರುಮಾಡಿದ ತರಬೇತಿಯಿಂದ ಹೆಸರಾದ ಪಾಠ ಅದು. ಒಳ್ಳೆಯ ಪಾಠವೇ. ಊರಿಗೆ ಮರಳಿದ ಸಾತ್ವಿಕಣ್ಣ ಅದಕ್ಕೊಂದು ಸ್ಥಳೀಯ ತಿದ್ದುಪಡಿ ತಂದ: ದ್ರಾಕ್ಷಿಯ ಬದಲು ಕೊಬ್ಬರಿ ಚೂರು.

ಆದರೆ ಕಾಯಿಯನ್ನು ಕಿವಿಗೆ ಹಿಡಿಯುವುದನ್ನು ಈ ಸೀಮೆಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಉಂಡೆ ಕೊಬ್ಬರಿ ಸಿಪ್ಪೆ ಸಮೇತ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಮಲಗುತ್ತದೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟಮೇಲೆ ಅಲುಗಿಸಿದರೆ ಲೊಡಲೊಡ ಅನ್ನುತ್ತದೆ. ಆ ಸದ್ದಿಗೆ ಕಿವಿಗೊಟ್ಟು ಕಾಯಿ ಆರಿಸುವ ಆಳಿನ ಏಕಾಗ್ರತೆ ಯಾವ ಶಿಬಿರದಲ್ಲೂ ಸಿಗದು. ಅವನಿಗೆ ಮಾತ್ರ ಅದು ಧ್ಯಾನ ಅಂತ ಗೊತ್ತಿಲ್ಲ, ಕೂಲಿ ಅಂತ ಗೊತ್ತು.

ಸಾತ್ವಿಕಣ್ಣನಿಗೆ ಮೊದಲ ಪೆಟ್ಟು ಕೊಟ್ಟಿದ್ದು ಮುದ್ದೆ. ಹಲ್ಲಿಗೊಂದರಂತೆ 32 ಸಲ ಅಗಿಯಬೇಕೆನ್ನುವ ಮಾತು ಬ್ರಿಟನ್ನಿನ ಪ್ರಧಾನಿಯಾಗಿದ್ದ ಗ್ಲ್ಯಾಡ್‌ಸ್ಟನ್ ಹೆಸರಿನಲ್ಲಿ ಓಡಾಡುತ್ತದೆ. ಅಮೆರಿಕದ ಹೊರೇಸ್ ಫ್ಲೆಚರ್ ಇನ್ನೂ ಮುಂದೆ ಹೋಗಿ, ತುತ್ತು ನೀರಾಗುವವರೆಗೂ ಬಿಡಬೇಡಿ ಅಂದ. 1919ರಲ್ಲಿ ಆತ ತೀರಿಕೊಂಡ, ರಾಗಿಮುದ್ದೆಯನ್ನು ಕಂಡಿರಲಾರ. ಮುದ್ದೆ ಇರುವುದೇ ನುಂಗುವುದಕ್ಕೆ. ಮುರಿದು, ಸಾರಿನಲ್ಲಿ ಹೊರಳಿಸಿ, ಬಾಯಿಗಿಟ್ಟರೆ ಅದರ ದಾರಿ ಅದಕ್ಕೆ ಗೊತ್ತು. ಸಾತ್ವಿಕಣ್ಣ ಅಗಿಯತೊಡಗಿದ. ಹನ್ನೊಂದನೆಯ ಅಗಿತಕ್ಕೆ ಅಂಗುಳ ಹಿಡಿಯಿತು, ಹದಿನೈದಕ್ಕೆ ಕಟ್ಟಿಸಿಕೊಂಡಿದ್ದ ಹಲ್ಲು ಕದಲಿತು. ಅಂದಿನ ಊಟದಲ್ಲಿ ಶಿಬಿರದವರು ಹೇಳಿದ್ದ ಮೌನ ಪೂರ್ತಿ ಸಿದ್ಧಿಸಿತು.

ಆಮೇಲೆ ಗೀತೆಯ ಹದಿನೇಳನೆಯ ಅಧ್ಯಾಯ ಕೈಗೆ ಬಂತು. ಉಳಿದ ಹದಿನೇಳು ಅಧ್ಯಾಯಗಳ ಮೇಲೆ ಅವನಿಗೆ ಅಷ್ಟು ಒಲವಿಲ್ಲ. ಆಹಾರ ಮೂರು ಬಗೆ. ಕಹಿ, ಹುಳಿ, ಉಪ್ಪು, ಖಾರ ಅತಿಯಾದದ್ದು ರಾಜಸ ಅಂತ ಅಡುಗೆಮನೆ ಬಾಗಿಲಲ್ಲಿ ನಿಂತು ಓದಿದ. ಬಸ್ಸಾರಿಗೆ ಬೆಳ್ಳುಳ್ಳಿ ಜಜ್ಜುತ್ತಿದ್ದ ಹೆಂಡತಿ ತಲೆ ಎತ್ತದೆ, "ಹುಳಿ ಬೇಡ, ಉಪ್ಪು ಬೇಡ, ಖಾರ ಬೇಡ ಅಂದ್ರೆ ಸೊಪ್ಪು ಬಸಿದ ನೀರೈತೆ, ಕುಡೀರಿ" ಅಂದರು. ಅತಿ ಎಂಬ ಪದದ ಮೇಲೆ ಅರ್ಧ ಗಂಟೆ ವ್ಯಾಖ್ಯಾನ ನಡೆಯಿತು. ಸಾರು ಆರಿತು.

ಮದುವೆ ಮನೆಯಲ್ಲಿ ನೋಡಬೇಕು ಇವನನ್ನು. ನಮ್ಮ ಛತ್ರಗಳಲ್ಲಿ ಒಂದನೇ ಪಂಕ್ತಿ ಒಬ್ಬಟ್ಟಿಗೆ ಕೈ ಹಾಕುವಾಗಲೇ ಎರಡನೇ ಪಂಕ್ತಿ ಕುರ್ಚಿಯ ಬೆನ್ನು ಹಿಡಿದಿರುತ್ತದೆ. ಇವನು ಕೋಸಂಬರಿಯ ಮೇಲೆ ಕಣ್ಣು ಮುಚ್ಚಿ, ಬೇಳೆ ಬೆಳೆದ ಹೊಲವನ್ನೂ ಮಳೆಯನ್ನೂ ನೆನೆಯುತ್ತಾನೆ. ಹಿಂದೆ ನಿಂತವರು, ಮಳೆ ಹೋಗಲಿ, ಇವನ ಮನೆತನವನ್ನೇ ನೆನೆಯುತ್ತಾರೆ. ಒಂದು ಸಲ ಬಡಿಸುವ ಹುಡುಗ ಹೆದರಿ ಮುಖಕ್ಕೆ ನೀರು ಚಿಮುಕಿಸಿದ್ದೂ ಉಂಟು.

ಒಂದು ಮಾತು ಮಾತ್ರ ನನಗೆ ಕುತೂಹಲ. 2023ರಲ್ಲಿ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದು, ಮಾರುಕಟ್ಟೆಯಲ್ಲಿ ಕೊಬ್ಬರಿ ಎಂಟು ಸಾವಿರದ ಆಸುಪಾಸಿಗೆ ಬಿದ್ದಾಗ ಈ ಅಣ್ಣ ಎಲ್ಲರಂತೆ ಗಬಗಬ ಉಂಡು ನಫೆಡ್ ಖರೀದಿ ಕೇಂದ್ರದ ಸಾಲಿಗೆ ಓಡುತ್ತಿದ್ದ. ಅಗಿತದ ಲೆಕ್ಕ ಶುರುವಾಗಿದ್ದು 2025ರಲ್ಲಿ. ಬೆಂಬಲ ಬೆಲೆ 12,100 ಇದ್ದು ಮಾರುಕಟ್ಟೆ ಅದರ ಎರಡರಷ್ಟನ್ನು ದಾಟಿದ ವರ್ಷ. ಅದೇ ವರ್ಷ ಅವನ ಮನೆಯ ಚಟ್ನಿಯಲ್ಲಿ ಕಾಯಿ ಇಳಿದು ಹುರಿಗಡಲೆ ಏರಿತು. ಕಾಯಿ ಅಟ್ಟ ಹತ್ತಿದರೆ ದುಡ್ಡು, ಒರಳಿಗಿಳಿದರೆ ಬರೀ ರುಚಿ. ಅದಕ್ಕವನು ಮಿತಾಹಾರ ಅಂತ ಹೆಸರಿಟ್ಟ.

ಅವನ ತಾಯಿ ಇನ್ನೂ ಗಟ್ಟಿ. ಎಂಬತ್ತೈದರ ಮೇಲಾಯಿತು. ಇಷ್ಟು ಮುದ್ದೆ ನುಂಗಿ, ಒಂದು ಅಗುಳೂ ಬಿಡದೆ ಅನ್ನ ಉಂಡು, ತಟ್ಟೆ ತೊಳೆದ ನೀರನ್ನೂ ಕುಡಿದು ಏಳುತ್ತಾರೆ. ಲಿಂಗಾಯತರ ಮನೆಗಳಲ್ಲಿ ಹಿರಿಯರು ಪ್ರಸಾದ ಚೆಲ್ಲುವುದಿಲ್ಲ. ಒಂದು ದಿನ ಮಗ ಕೇಳಿದ: "ಅವ್ವಾ, ಉಣ್ಣುವಾಗ ನಿನ್ನ ಮನಸ್ಸು ಎಲ್ಲಿರ್ತದೆ?" ಅವ್ವ ಅವನ ತಟ್ಟೆ ನೋಡಿ, "ನೀನು ಯಾವಾಗ ಎದ್ದೀಯ, ಆ ಹುಡುಗಿ ಯಾವಾಗ ಉಂಡಾಳು ಅಂತ" ಅಂದರು. ಅರವತ್ತರ ಹತ್ತಿರದ ಸೊಸೆ ಬಾಗಿಲ ಹತ್ತಿರ ಕಾದಿದ್ದರು.

ಊಟದ ವೇಳೆ ಮೊಬೈಲು ಮುಟ್ಟಬಾರದೆಂಬುದು ಸಾತ್ವಿಕಣ್ಣನ ಕಡ್ಡಾಯ ನಿಯಮ. ಎಪಿಎಂಸಿಯಲ್ಲಿ ಟೆಂಡರ್ ನಡೆಯುವ ದಿನ ಮಾತ್ರ ಅದು ತಟ್ಟೆಯ ಪಕ್ಕ, ಉಪ್ಪಿನಕಾಯಿಯ ಜಾಗದಲ್ಲಿ ಇರುತ್ತದೆ. ಹತ್ತೊಂಬತ್ತನೆಯ ಅಗಿತದಲ್ಲಿ ಅದು ಗುಂಯ್ ಅಂದರೆ ತುತ್ತು ಇದ್ದಂತೆಯೇ ಗುಳುಂ. "ಎಷ್ಟಕ್ಕೆ ಹೋಯ್ತು?" ಅನ್ನುತ್ತಾ ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಮುದ್ದೆ, ಐದು ನಿಮಿಷದಲ್ಲಿ ತಟ್ಟೆ ಖಾಲಿ.

ಬಹಳ ಒಳ್ಳೆಯ ಮನುಷ್ಯ, ಕಂಡವರನ್ನೆಲ್ಲ ಊಟಕ್ಕೆ ಕರೆಯುತ್ತಾನೆ. ನಿಮ್ಮನ್ನೂ ಕರೆದರೆ ಇಲ್ಲ ಅನ್ನಬೇಡಿ. ಟೆಂಡರ್ ದಿನ ನೋಡಿಕೊಂಡು ಹೋಗಿ.